ನಾಯಿ ಜೊತೆಗಿನ ಚಳಿಗಾಲದ ದಾರಿ: ಜರ್ಮನಿಯಲ್ಲಿರುವ ನಮ್ಮವರಿಗೆ ಒಂದು ಬಹಿರಂಗ ಪತ್ರ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಓದು, ನೌಕರಿ ಎಂದು ಹೊರಟು ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಕಡೆ ಮನೆ ಮಾಡಿದವರಿಗೆ ಈ ಪತ್ರ. ನಿಮ್ಮಲ್ಲಿ ಕೆಲವರು ಅಲ್ಲಿ ನಾಯಿ ಸಾಕಿದ್ದೀರಿ. ಡಿಸೆಂಬರ್ ರಜೆ ಬಂದರೆ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಬ್ಲ್ಯಾಕ್ ಫಾರೆಸ್ಟ್ ಎನ್ನುತ್ತೀರಿ, ಬವೇರಿಯಾದ ಬೆಟ್ಟ ಎನ್ನುತ್ತೀರಿ, ಹಿಮದಲ್ಲಿ ಅದು ಹೊರಳಾಡುವ ಚಿತ್ರ ಊರಿಗೆ ಕಳಿಸುತ್ತೀರಿ. ಆ ಚಿತ್ರಗಳನ್ನು ನಾವು ಪ್ರೀತಿಯಿಂದಲೇ ನೋಡುತ್ತೇವೆ. ಅದೇ ತಿಂಗಳುಗಳಲ್ಲಿ ನಮ್ಮ ನಾಲ್ಕು ತಾಲೂಕುಗಳ ರಸ್ತೆಗಳಲ್ಲೂ ನಾಯಿ ಜೊತೆ ದೊಡ್ಡದೊಂದು ಪ್ರಯಾಣ ನಡೆದಿರುತ್ತದೆ. ಅದರ ಚಿತ್ರ ಯಾರೂ ಕಳಿಸುವುದಿಲ್ಲ. ಅದರ ಸಲುವಾಗಿ ನಿಮ್ಮನ್ನು ಒಂದು ಕೆಲಸ ಕೇಳಬೇಕಾಗಿದೆ.

ಮೊದಲು ನೀವಿರುವ ದೇಶದ ಮಾತು. ಅಲ್ಲಿ ನಾಯಿಯ ಪ್ರಯಾಣಕ್ಕೆ ಮಾಡಿರುವ ಏರ್ಪಾಟನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರ್ ಇಲ್ಲದೆ ಇಳಿಯುವಂತಿಲ್ಲ. 2024ರ ಅಕ್ಟೋಬರ್‌ನಿಂದ ಆ ಟೈರಿನ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರಲೇಬೇಕು. ಸಂಚಾರ ನಿಯಮದ ಲೆಕ್ಕದಲ್ಲಿ ಕಾರಿನೊಳಗಿನ ನಾಯಿ ಸರಕಿನ ಸಾಲಿಗೆ ಸೇರುತ್ತದೆ, ಆದ್ದರಿಂದ ಪಟ್ಟಿ ಹಾಕಿಯೋ ಪಂಜರದಲ್ಲಿಟ್ಟೋ ಅದನ್ನು ಭದ್ರ ಮಾಡದಿದ್ದರೆ ದಂಡ ಬೀಳುತ್ತದೆ. ನಾಯಿಗೆ ಸಾಕಷ್ಟು ಹೊರಗಿನ ಓಡಾಟ ಸಿಗಬೇಕು, ದಿನಕ್ಕೆ ಹಲವು ಸಲ ಮನುಷ್ಯರ ಒಡನಾಟ ಸಿಗಬೇಕು ಎಂದು ನಾಯಿಗಳಿಗಾಗಿಯೇ ಇರುವ ನಿಯಮಾವಳಿ ಹೇಳುತ್ತದೆ. 2022ರ ಜನವರಿಯಿಂದ ಅದು ಇನ್ನಷ್ಟು ಬಿಗಿಯಾಗಿದೆ. ಊರಿನ ಆಡಳಿತ ನಾಯಿಗೆ ತೆರಿಗೆ ಹಾಕುತ್ತದೆ. ಗಡಿ ದಾಟಬೇಕಾದರೆ ಚರ್ಮದಡಿಯಲ್ಲಿ ಚಿಪ್, ರೇಬೀಸ್ ಚುಚ್ಚುಮದ್ದಿನ ದಾಖಲೆ, ಅದರದೇ ಪಾಸ್‌ಪೋರ್ಟ್ ಬೇಕು. ಇಲ್ಲಿಂದ ನಾಯಿ ಒಯ್ದವರಿಗೆ ಗೊತ್ತು: ಚುಚ್ಚುಮದ್ದು ಹಾಕಿಸಿ 30 ದಿನ ಕಳೆದ ಮೇಲೆ ರಕ್ತ ಪರೀಕ್ಷೆ, ಅದಾದ ಮೇಲೆ ಮೂರು ತಿಂಗಳ ಕಾಯುವಿಕೆ. ಅಷ್ಟು ಕಾದದ್ದಕ್ಕೆ ಅರ್ಥವಿದೆ. ನರಿಗಳಿಗೆ ಲಸಿಕೆ ತುಂಬಿದ ತಿನಿಸನ್ನು ಕಾಡಿನಲ್ಲಿ ಎಸೆದೆಸೆದು, ವರ್ಷಗಟ್ಟಲೆ ಆ ಕೆಲಸ ಬಿಡದೆ ಮಾಡಿ, 2008ರ ಹೊತ್ತಿಗೆ ನೆಲದ ಮೇಲಿನ ಪ್ರಾಣಿಗಳ ರೇಬೀಸನ್ನು ಆ ದೇಶ ತೊಡೆದುಹಾಕಿತು. ನಿಮ್ಮ ನಾಯಿ ಹಿಮದಲ್ಲಿ ನಿಶ್ಚಿಂತೆಯಿಂದ ಹೊರಳುತ್ತಿದ್ದರೆ ಅದರ ಹಿಂದೆ ಇಷ್ಟೆಲ್ಲ ಇದೆ.

ಈಗ ನಮ್ಮ ದಾರಿಗೆ ಬನ್ನಿ. ಹಿಂಗಾರಿನ ಮೋಡ ಸರಿದು, ಗೋವಿನಜೋಳ ಮುರಿದು, ಭತ್ತದ ಕೊಯ್ಲು ಶುರುವಾದ ಕೂಡಲೇ ಪೂರ್ವದ ಬಯಲಿನಿಂದ ಕುರಿ ಹಿಂಡುಗಳು ಪಡುವಲಿಗೆ ಇಳಿಯುತ್ತವೆ. ಮಳೆಗಾಲದಲ್ಲಿ ಕೆಸರು ಮತ್ತು ಕಾಲು ಬೇನೆಗೆ ಅಂಜಿ ಒಣ ಸೀಮೆಯಲ್ಲಿದ್ದ ಕುರಿಗಾಹಿಗಳು, ಕೊಯ್ಲಾದ ಹೊಲದ ಕೂಳೆ ಮತ್ತು ಕೆರೆಯಂಗಳದ ಹಸಿರು ಹುಡುಕಿಕೊಂಡು ಸವಣೂರು ದಾಟಿ, ಶಿಗ್ಗಾವಿ ದಾಟಿ, ಬಂಕಾಪುರದ ಮೇಲೆ ಹಾನಗಲ್ಲಿಗೆ ಬರುತ್ತಾರೆ. ಇನ್ನು ಕೆಲವರು ತಿಳವಳ್ಳಿ, ಚಿಕ್ಕೇರೂರು ಮಾರ್ಗವಾಗಿ ಹಿರೇಕೆರೂರು ಸೀಮೆ ಹಿಡಿಯುತ್ತಾರೆ. ಗದಗ, ಕೊಪ್ಪಳ, ಬಳ್ಳಾರಿ ಕಡೆಯವರೂ ಇದ್ದಾರೆ, ನಮ್ಮ ಜಿಲ್ಲೆಯವರೂ ಇದ್ದಾರೆ. ಮುಂದೆ ಕುರಿ, ನಡುವೆ ಬಿಡಾರ ಹೊತ್ತ ಕುದುರೆ, ಅದರ ಮೇಲಿನ ಬುಟ್ಟಿಯಲ್ಲಿ ಆಗಷ್ಟೇ ಹುಟ್ಟಿದ ಮರಿ, ಜೊತೆಗೆ ನಾಯಿ. ಈಚೆಗೆ ಕುದುರೆಯ ಬದಲು ಸಣ್ಣ ಗೂಡ್ಸ್ ಗಾಡಿ ಬರುವುದೂ ಉಂಟು. ನಾಯಿಯ ಬದಲಿಗೆ ಮಾತ್ರ ಇನ್ನೂ ಏನೂ ಬಂದಿಲ್ಲ.

ಈ ಹಿಂಡುಗಳು ನಮಗೆ ಹೊರೆಯಲ್ಲ ಎಂಬುದನ್ನು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕಾಗಿಲ್ಲ. 'ನಮ್ಮ ಹೊಲದಾಗ ಎರಡು ರಾತ್ರಿ ಇಳೀರಿ' ಎಂದು ರೈತರೇ ಕುರಿಗಾಹಿಗಳನ್ನು ಕರೆದು, ಕಾಳು ಕೊಟ್ಟೋ ರೊಕ್ಕ ಕೊಟ್ಟೋ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಬಿದ್ದ ಹಿಕ್ಕೆ ಮತ್ತು ಗಂಜಲ ಮುಂದಿನ ಬೆಳೆಗೆ ಗೊಬ್ಬರ. ಗಾಡಿ ಬಾಡಿಗೆಯಿಲ್ಲ, ಹರವುವ ಕೂಲಿಯಿಲ್ಲ. ಗೊಬ್ಬರ ತಾನೇ ನಡೆದು ಬಂದು ಹೊಲದಲ್ಲಿ ಮಲಗಿ ಎದ್ದು ಹೋಗುತ್ತದೆ.

ಆ ರಾತ್ರಿಯನ್ನು ಕಾಯುವುದು ನಾಯಿ. ಹಗಲು ಹಿಂಡಿನ ಬದಿಯಲ್ಲಿ ಸುಮ್ಮನೆ ನಡೆಯುವ ಪ್ರಾಣಿ, ಹೊತ್ತು ಮುಳುಗಿ ಬಲೆ ಕಟ್ಟಿ ಕುರಿ ಕೂಡಿದ ಮೇಲೆ ಬೇರೆಯೇ ಆಗುತ್ತದೆ. ಹಟ್ಟಿಯ ಮೂಲೆಮೂಲೆಗೆ ಒಂದೊಂದು ಕೂರುತ್ತದೆ. ಗಾಳಿ ಬಂದ ದಿಕ್ಕಿಗೆ ಮೂತಿ ಹಿಡಿಯುತ್ತದೆ. ಚಿರತೆ, ತೋಳ, ಕುರಿ ಕಳ್ಳರು — ಮೂವರ ವಾಸನೆಯೂ ಅದಕ್ಕೆ ಗೊತ್ತು. ಕಾಡುಪ್ರಾಣಿ ಗಂಟಲಿಗೇ ಬಾಯಿ ಹಾಕುವುದರಿಂದ ಕೆಲವು ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಇರುತ್ತದೆ. ಬೆಳಗಿನ ಜಾವದ ಇಬ್ಬನಿಯಲ್ಲಿ ಮೈ ಒದ್ದೆಯಾದರೂ ಅವು ಕುರಿಗಳ ಬೆಚ್ಚನೆಯ ನಡುವಿಗೆ ಬರುವುದಿಲ್ಲ, ಅಂಚು ಬಿಡುವುದಿಲ್ಲ. ಇವುಗಳಲ್ಲಿ ಮುಧೋಳ ತಳಿಯ ಬೆರಕೆಯವೂ ಇವೆ, ಯಾವ ತಳಿಯ ಹೆಸರೂ ಇಲ್ಲದ ಊರ ನಾಯಿಗಳೂ ಇವೆ. ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು, ಮುಂದೆ ಸೇನೆಯೂ ಕರೆಯಿತು. ಹೆಸರಿಲ್ಲದ ನಾಯಿಗೆ ಕುರಿಗಾಹಿ ಹಾಕುವ ನುಚ್ಚು, ರೊಟ್ಟಿ ಸಿಗುತ್ತದೆ. ಆದರೆ ಮಾಡುವ ಕೆಲಸ ಎರಡರದೂ ಒಂದೇ.

ನಮ್ಮ ನಾಡು ನಾಯಿಯನ್ನು ಕೀಳಾಗಿ ಕಂಡ ನಾಡಲ್ಲ ಎಂಬುದಕ್ಕೆ ಮೈಲಾರಲಿಂಗನ ಪರಂಪರೆಯೇ ಸಾಕ್ಷಿ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಾಗಲಿ, ಹೊಳೆಯಾಚೆಯ ಮೈಲಾರದಲ್ಲಾಗಲಿ ಕಂಬಳಿ ಹೊದ್ದ ಗೊರವರು ದೇವರ ನಾಯಿಗಳೆಂದೇ ತಮ್ಮನ್ನು ಭಾವಿಸಿ, ಬೊಗಳುತ್ತ ದೋಣಿಯಲ್ಲಿನ ಪ್ರಸಾದ ಉಣ್ಣುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿರುತ್ತೀರಿ. ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಕೇಳಲು ಚಕ್ಕಡಿ ಕಟ್ಟಿಕೊಂಡು ಹೊರಟಾಗ, ಮನೆಯ ನಾಯಿ ಗಾಡಿಯ ಕೆಳಗಿನ ನೆರಳು ಹಿಡಿದು ಮೈಲುಗಟ್ಟಲೆ ನಡೆಯುತ್ತಿತ್ತು. ಚಳಿಗಾಲದ ಕೊನೆಯ ಆ ಪ್ರಯಾಣವೂ ನಾಯಿ ಜೊತೆಗಿನದೇ. ಹಾಲುಮತದಲ್ಲಿ ಹುಟ್ಟಿದ ಕನಕದಾಸರ ಬಾಡ ಶಿಗ್ಗಾವಿ ತಾಲೂಕಿನಲ್ಲಿದೆ, ಇಂದಿಗೂ ಕುರಿ ಹಿಂಡುಗಳು ಸಾಗುವ ದಾರಿಯಲ್ಲೇ ಇದೆ. ಕಾರ್ತಿಕದಲ್ಲಿ ಕನಕ ಜಯಂತಿಯ ಮೆರವಣಿಗೆ ಮುಗಿಯುವ ಹೊತ್ತಿಗೆ ಹಿಂಡುಗಳೂ ಬರತೊಡಗುತ್ತವೆ. ವೇದಿಕೆಯ ಮೇಲೆ ಹಾಲುಮತದ ಹಿರಿಮೆ ಆಡಿದ ಬಾಯಿ, ಮರುದಿನ ರಸ್ತೆಗೆ ಅಡ್ಡ ಬಂದ ಕುರಿಯ ಹಿಂಡಿಗೆ ಹಾರ್ನ್ ಹೊಡೆದು ಬಯ್ಯಬಾರದು.

ನೀವಿರುವ ದೇಶದಲ್ಲೂ ಹೀಗೆ ನಡೆಯುವವರಿದ್ದಾರೆ. ನೀವು ಅವರನ್ನು ಹೆದ್ದಾರಿಯಿಂದ ಕಂಡಿರಬಹುದು. ಸ್ವಾಬಿಯನ್ ಆಲ್ಬ್ ಬೆಟ್ಟಗಳಲ್ಲಿ ಬೇಸಿಗೆ ಕಳೆದ ಹಿಂಡುಗಳು ಚಳಿ ಬಿದ್ದಾಗ ರೈನ್ ನದಿಯ ಕಣಿವೆಗೆ, ಬೋಡೆನ್ ಸರೋವರದ ತಗ್ಗಿಗೆ ಇಳಿಯುತ್ತಿದ್ದವು. ಈಗಲೂ ಕೆಲವರು ಇಳಿಯುತ್ತಾರೆ. ಅಲ್ಲಿನ ಕುರಿನಾಯಿಯ ಕೆಲಸ ಬೇರೆ ಬಗೆಯದು: ಬೆಳೆಯಿರುವ ಹೊಲಕ್ಕೂ ಹಿಂಡಿಗೂ ನಡುವಿನ ಗೆರೆಯ ಮೇಲೆ ಹಗಲಿಡೀ ಹಿಂದಕ್ಕೂ ಮುಂದಕ್ಕೂ ಓಡಿ, ಬೇಲಿಯೇ ಇಲ್ಲದ ಕಡೆ ತಾನೇ ಬೇಲಿಯಾಗುವುದು. ನಮ್ಮ ಪಟ್ಟಣಗಳಲ್ಲಿ ಶ್ರೀಮಂತರ ಗೇಟಿನ ಹಿಂದೆ ಸರಪಳಿಯಲ್ಲಿ ನಿಲ್ಲುವ ಜರ್ಮನ್ ಶೆಫರ್ಡ್ ಇಂಥ ನಾಯಿಗಳ ಕುಲದಿಂದಲೇ ಬಂದದ್ದು. 1899ರಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಹೊರಾಂಡ್ ಎಂಬ ನಾಯಿಯನ್ನು ಕೊಂಡು ಆ ತಳಿಗೆ ಅಡಿಪಾಯ ಹಾಕಿದ. ಅವನು ಹುಡುಕುತ್ತಿದ್ದದ್ದು ಚಂದದ ನಾಯಿಯನ್ನಲ್ಲ, ಕೆಲಸದ ನಾಯಿಯನ್ನು. 2000ದಲ್ಲಿ ಸ್ಯಾಕ್ಸನಿಯ ಲೌಸಿಟ್ಸ್ ಸೀಮೆಯಲ್ಲಿ ತೋಳ ಮತ್ತೆ ಮರಿ ಹಾಕಿದ ಮೇಲೆ ಅಲ್ಲಿನ ಕುರಿಗಾರರಿಗೂ ಕಾವಲು ನಾಯಿ ಬೇಕಾಯಿತು. ಅದನ್ನು ಕೊಳ್ಳಲು ಅಲ್ಲಿನ ಹಲವು ರಾಜ್ಯ ಸರಕಾರಗಳೇ ನೆರವು ಕೊಡುತ್ತವೆ. ಕಾವಲು ನಾಯಿಯನ್ನು ಕುರಿಗಾಹಿಯ ಆಸ್ತಿ ಎಂದು ಆ ಸರಕಾರಗಳು ಒಪ್ಪಿಕೊಂಡಿವೆ ಎಂದಾಯಿತು.

ನಮ್ಮಲ್ಲಿ ಆ ಒಪ್ಪಿಗೆ ಇನ್ನೂ ಅರ್ಧಕ್ಕೆ ನಿಂತಿದೆ. ಕುರಿ ಸತ್ತರೆ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. 2025–26ರ ಬಜೆಟ್‌ನಲ್ಲಿ ಅದನ್ನು 5,000 ರೂಪಾಯಿಯಿಂದ 7,500ಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ವಲಸೆ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯಲು, ಅವರ ಕಲ್ಯಾಣಕ್ಕೆ ದಾರಿ ಮಾಡಲು 2025ರಲ್ಲಿ ವಿಧಾನಸಭೆ ಮಸೂದೆಯನ್ನೂ ಅಂಗೀಕರಿಸಿತು. ಅದನ್ನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇನೆ. ಆದರೆ ಕುರಿ ಕಾಯುತ್ತ ಸತ್ತ ನಾಯಿಗೆ ಅನುಗ್ರಹದ ಪಟ್ಟಿಯಲ್ಲಿ ಜಾಗವಿಲ್ಲ.

ಆ ನಾಯಿ ಸಾಯುವುದು ಬಹಳ ಸಲ ತೋಳದ ಬಾಯಲ್ಲಲ್ಲ, ರಸ್ತೆಯ ಮೇಲೆ. ನವೆಂಬರ್‌ನಿಂದ ಜನವರಿಯವರೆಗೆ ನಮ್ಮ ರಸ್ತೆಗಳು ಹೇಗಿರುತ್ತವೆ ಎಂಬುದು ನಿಮಗೆ ನೆನಪಿರಬೇಕು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅರ್ಧ ಡಾಂಬರಿನ ಮೇಲೆ ಗೋವಿನಜೋಳ ಹರವಿರುತ್ತದೆ, ಅಂಚಿಗೆ ಸಾಲುಗಲ್ಲು ಇಟ್ಟಿರುತ್ತಾರೆ, ರಾತ್ರಿ ಕಪ್ಪು ತಾಡಪತ್ರಿ ಹೊದಿಸಿರುತ್ತಾರೆ. ಕಣ ಮಾಡುವ ಜಾಗ ಇಲ್ಲದ ರೈತನನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ, ಆದರೂ ಕಲ್ಲನ್ನಾದರೂ ಹೊತ್ತು ಮುಳುಗುವ ಮೊದಲು ಎತ್ತಬೇಕು. ಉಳಿದ ಅರ್ಧ ರಸ್ತೆಯಲ್ಲಿ ಬಸ್ಸು, ಕಬ್ಬಿನ ಟ್ರ್ಯಾಕ್ಟರ್, ಕುರಿ ಎಲ್ಲವೂ ಸಾಗಬೇಕು. ಬಿಸಿಲು ಕುಡಿದ ಡಾಂಬರು ರಾತ್ರಿ ಬೆಚ್ಚಗಿರುವುದರಿಂದ ಊರ ನಾಯಿಗಳು ಅದರ ಮೇಲೇ ಮಲಗುತ್ತವೆ. ನಸುಕಿನ ಮಂಜಿನಲ್ಲಿ ಕಪ್ಪು ಕುರಿ, ಕಂದು ನಾಯಿ, ಕಪ್ಪು ಕಂಬಳಿ ಹೊದ್ದ ಮನುಷ್ಯ — ಯಾರೂ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಶಿಗ್ಗಾವಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ಹಿಂಡು ದಾಟಿಸುವುದಂತೂ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಹಿಂಡಿನ ಕೊನೆಯಲ್ಲಿ ಬರುವುದು ನಾಯಿ ಮತ್ತು ಮರಿ ಹಾಕಿದ ಕುರಿ. ಕಾಯುವ ವ್ಯವಧಾನ ಇಲ್ಲದವರ ಗಾಡಿಗೆ ಸಿಗುವುದೂ ಅವೇ.

ಪಟಾಕಿಯದೂ ಒಂದು ಕಷ್ಟ. ಹೊಸ ವರ್ಷದ ಹಿಂದಿನ ರಾತ್ರಿ ಜರ್ಮನಿಯ ಊರೂರಲ್ಲಿ ಸಿಡಿಮದ್ದು ಸುಡುತ್ತಾರೆಂದು, ನಾಯಿ ಸಾಕಿದವರು ಸದ್ದಿಲ್ಲದ ಜಾಗ ಹುಡುಕಿ ಹೊರಟುಬಿಡುತ್ತಾರಲ್ಲ, ನಿಮ್ಮ ಎಷ್ಟೋ ಚಳಿಗಾಲದ ಪ್ರವಾಸಗಳಿಗೆ ಅದೇ ಕಾರಣ. ಇಲ್ಲಿ ದೀಪಾವಳಿಯಿಂದ ಶುರುವಾಗುವ ಹೋರಿ ಬೆದರಿಸುವ ಹಬ್ಬ ಊರಿನಿಂದೂರಿಗೆ ಸಾಗುತ್ತ ಚಳಿಗಾಲವಿಡೀ ನಡೆಯುತ್ತದೆ. ಕೊಬ್ಬರಿ ಹೋರಿಯ ಓಟ ನಮ್ಮ ಹುಡುಗರಿಗೆ ಪ್ರಾಣ, ಅದನ್ನು ನಾನು ಬಲ್ಲೆ. ಆದರೆ ಆ ಹಬ್ಬದ ಪಟಾಕಿಯ ಸದ್ದಿಗೆ ಬೆದರಿ ಹಟ್ಟಿ ಬಿಟ್ಟು ಓಡಿದ ನಾಯಿ ಗುರುತಿಲ್ಲದ ಊರಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಆ ರಾತ್ರಿ ಹಟ್ಟಿಗೆ ಕಾವಲಿಲ್ಲ. ಸಮೀಪದ ಹೊಲದಲ್ಲಿ ಕುರಿ ಇಳಿದಿವೆಯೇ ಎಂದು ಹಬ್ಬದ ಸಮಿತಿಯವರು ಒಂದು ಮಾತು ವಿಚಾರಿಸಿ, ಮುಂಚಿತವಾಗಿ ತಿಳಿಸಿದರೆ ಸಾಕು.

ಇವೆಲ್ಲಕ್ಕಿಂತ ದೊಡ್ಡದು ರೇಬೀಸ್. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ನಾನು ಕೇಳುವ ಕೆಲಸ ಇಲ್ಲಿಯೇ ಇದೆ. ಕುರಿಗಾಹಿಯ ನಾಯಿ ಊರ ನಾಯಿಗಳ ಜೊತೆ ಕಾದಾಡುತ್ತದೆ, ಕಾಡುಪ್ರಾಣಿಯ ಜೊತೆಗೂ ಕಾದಾಡುತ್ತದೆ. ದಿನಕ್ಕೊಂದು ಊರಿನ ಗಡಿ ದಾಟುವ ಪ್ರಾಣಿ ಅದು. ಅದಕ್ಕೆ ಹುಚ್ಚು ತಗುಲಿದರೆ ಮೊದಲು ಅಪಾಯ ಅದರ ಪಕ್ಕದಲ್ಲೇ ಮಲಗುವ ಮಕ್ಕಳಿಗೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆಂದೇ ತಿಳಿಯಬೇಕು. ಆದರೆ ಮೊದಲೇ ಹಾಕಿದ ಚುಚ್ಚುಮದ್ದು ನಾಯಿಯನ್ನು ಕಾಯುತ್ತದೆ. ಮರಿಗೆ ಮೂರು ತಿಂಗಳಾದಾಗ ಒಂದು, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಇನ್ನೊಂದು, ಮುಂದೆ ವರ್ಷಕ್ಕೊಮ್ಮೆ. ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ 2021ರಿಂದ ಇದೆ. 2022ರಿಂದ ಕರ್ನಾಟಕದಲ್ಲಿ ಮನುಷ್ಯರ ರೇಬೀಸ್ ಪ್ರಕರಣವನ್ನು ಸರಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಲಸಿಕೆಯೂ ಇದೆ, ಪಶು ವೈದ್ಯರೂ ಇದ್ದಾರೆ.

ತಪ್ಪಿರುವುದು ತಿಂಗಳು. ಉಚಿತ ಲಸಿಕೆಯ ಶಿಬಿರಗಳು ಬಹುತೇಕ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ, ಪಟ್ಟಣದ ಪಶು ಆಸ್ಪತ್ರೆಯಲ್ಲಿ ನಡೆಯುತ್ತವೆ. ಆಗ ಹಿಂಡುಗಳು ಇನ್ನೂ ಪೂರ್ವದ ಬಯಲಿನಲ್ಲಿರುತ್ತವೆ. ಅವು ನಮ್ಮ ನಾಲ್ಕು ತಾಲೂಕಿಗೆ ಬಂದಿಳಿಯುವ ಡಿಸೆಂಬರ್, ಜನವರಿಯಲ್ಲಿ ಶಿಬಿರ ಮುಗಿದಿರುತ್ತದೆ. ಶಿಬಿರ ಇದ್ದರೂ ಮುನ್ನೂರು ಕುರಿ ಬಿಟ್ಟು, ಸರಪಳಿ ಕಂಡರಿಯದ ನಾಯಿಯನ್ನು ಎಳೆದುಕೊಂಡು ಯಾವ ಕುರಿಗಾಹಿ ಪೇಟೆಗೆ ಬಂದಾನು? ಲಸಿಕೆಯೇ ಹಟ್ಟಿಗೆ ಹೋಗಬೇಕು. 2ರಿಂದ 8 ಡಿಗ್ರಿಯ ತಂಪಿನಲ್ಲಿ ಅದನ್ನು ಒಯ್ಯುವ ಪೆಟ್ಟಿಗೆ, ಒಂದು ಮೋಟರ್ ಸೈಕಲ್ಲು, ಪಶು ಆಸ್ಪತ್ರೆಯ ಒಬ್ಬ ಸಿಬ್ಬಂದಿ, ಸಂಜೆ ಬಲೆ ಕಟ್ಟಿದ ಮೇಲಿನ ಒಂದು ತಾಸು, ಇಷ್ಟಿದ್ದರೆ ಒಂದು ಹಟ್ಟಿಯ ನಾಯಿಗಳೆಲ್ಲ ಮುಗಿಯುತ್ತವೆ. ಮಾಲೀಕನೇ ಹಿಡಿದುಕೊಳ್ಳುತ್ತಾನೆ, ಅವನ ಕೈಯಲ್ಲಿ ಅದು ಕಚ್ಚುವುದಿಲ್ಲ. ಚುಚ್ಚುಮದ್ದಿನ ಚೀಟಿಯ ಚಿತ್ರ ಅವನ ಮೊಬೈಲಿನಲ್ಲಿದ್ದರೆ ಮುಂದಿನ ವರ್ಷ ಯಾವ ಊರಿನಲ್ಲಿದ್ದರೂ ತೋರಿಸಬಹುದು. ನಿಮ್ಮ ನಾಯಿಯ ಪಾಸ್‌ಪೋರ್ಟ್ ಮಾಡುವ ಕೆಲಸ ಇದೇ ಅಲ್ಲವೇ?

ಈ ಸೀಮೆಯ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಸವಣೂರು ತೋರಿಸಿದೆ. ಕಲ್ಮಠದ ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ, ಕಡಿದು ಸೌದೆ ಮಾಡದೆ ಮತ್ತೆ ಎತ್ತಿ ನೆಟ್ಟರು. ಆಫ್ರಿಕಾದಿಂದ ಬಂದ ಮರಕ್ಕೆ ಅಷ್ಟು ಮಾಡಿದ ತಾಲೂಕು, ಗದಗದಿಂದ ನಡೆದು ಬಂದ ನಾಯಿಗೆ ಒಂದು ಚುಚ್ಚುಮದ್ದು ಹಾಕಿಸಲಾರದೆ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಈ ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಕೆಲವರು ಊರಿಗೆ ಬರುತ್ತೀರಿ. ಬಂದಾಗ ನಿಮ್ಮ ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ, ಹಟ್ಟಿಗೆ ಹೋಗಿ ಲಸಿಕೆ ಹಾಕುವ ಒಂದು ವಾರದ ಖರ್ಚನ್ನು ನಾವು ಕೊಡುತ್ತೇವೆ ಎಂದು ಹೇಳಿ. ನಾಲ್ಕು ಊರಿನ ಗೆಳೆಯರು ಕೂಡಿಕೊಂಡರೆ ಯಾರ ಮೇಲೂ ಭಾರ ಬೀಳದು. ಲಸಿಕೆಯ ಜೊತೆಗೆ, ಬೆಳಕು ಬಿದ್ದರೆ ಹೊಳೆಯುವ ಕೊರಳಪಟ್ಟಿ ಪ್ರತಿ ನಾಯಿಗೂ ಕೊಡಿಸಿ. ನಿಮ್ಮಲ್ಲಿ ಚಳಿಗಾಲದ ಕತ್ತಲಲ್ಲಿ ನಾಯಿ ತಿರುಗಾಡಿಸುವವರು ಅದನ್ನು ಹಾಕದೆ ಹೊರಗೆ ಕಾಲಿಡುವುದಿಲ್ಲವಲ್ಲ, ಅದೇ ಪಟ್ಟಿ. ಕುರಿಗಾಹಿಗಳಿಗೆ 1962 ಎಂಬ ಸಂಖ್ಯೆ ಹೇಳಿಕೊಡಿ. ಕರೆ ಮಾಡಿದರೆ ಪಶು ಚಿಕಿತ್ಸೆಯ ಗಾಡಿಯೇ ಬರುತ್ತದೆ ಎಂಬುದು ಬಹಳ ಜನರಿಗೆ ಇನ್ನೂ ತಿಳಿದಿಲ್ಲ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಮೆತ್ತದೆ ನೇರವಾಗಿ ಸರಕಾರಿ ಆಸ್ಪತ್ರೆಗೆ ಹೋಗಬೇಕು ಎಂಬುದನ್ನೂ ಹೇಳಿ. ನಾವು ಹೇಳಿದರೆ ಕೇಳದ ಮಾತನ್ನು ಪರದೇಶದಿಂದ ಬಂದವರು ಹೇಳಿದರೆ ಕೇಳುತ್ತಾರೆ, ಆ ಗೌರವವನ್ನು ಇದಕ್ಕೆ ಬಳಸಿ.

ಬಾಡಿಗೆ ಕಾರಿನಲ್ಲಿ ಊರು ನೋಡಲು ಹೊರಟಾಗಲೂ ಎರಡು ಮಾತು ಮನಸ್ಸಿನಲ್ಲಿರಲಿ. ಬೆಂಗಳೂರು, ಪುಣೆಯಿಂದ ಬರುವ ಗೆಳೆಯರು ತಮ್ಮ ನಾಯಿಯನ್ನೂ ಕರೆತಂದರೆ, ಬಂಕಾಪುರದ ಕೋಟೆಯೊಳಗೆ ಬಿಡಬೇಡಿ, ಅದು ನವಿಲುಧಾಮ. ಹಾನಗಲ್ಲಿನ ತಾರಕೇಶ್ವರ ಗುಡಿ ಸಂರಕ್ಷಿತ ಸ್ಮಾರಕ, ಒಳಗೆ ಪ್ರಾಣಿ ಒಯ್ಯುವಂತಿಲ್ಲ. ಅಲ್ಲಿನ ಕಮಲದ ಛತ್ತನ್ನು ಒಬ್ಬರು ನೋಡಿ ಬರುವವರೆಗೆ ಇನ್ನೊಬ್ಬರು ನಾಯಿ ಜೊತೆ ಆನೆಕೆರೆಯ ಏರಿಯ ಮೇಲೆ ನಡೆದಾಡಿ. ಮಾಸೂರಿನ ಮದಗದ ಕೆರೆಯ ಕಡೆ ಕುರಿ ನೀರಿಗಿಳಿದಿದ್ದರೆ ನಿಮ್ಮ ನಾಯಿಯನ್ನು ದೂರದಲ್ಲೇ ಹಿಡಿದುಕೊಳ್ಳಿ. ಹಟ್ಟಿಯ ನಾಯಿ ಕೆಲಸದ ಮೇಲಿರುತ್ತದೆ, ಗೆಳೆತನಕ್ಕೆ ಬರುವುದಿಲ್ಲ.

ಮತ್ತೆ, ದಾರಿಯಲ್ಲಿ ಹಿಂಡು ಕಂಡರೆ ಕಾರು ನಿಲ್ಲಿಸಿ, ದೀಪ ತಗ್ಗಿಸಿ, ಹಾರ್ನ್ ಮುಟ್ಟಬೇಡಿ. ಕೊನೆಯ ನಾಯಿ ದಾಟುವವರೆಗೆ ಕಾಯಿರಿ. ಬರುವ ಮುಂಚೆ, ನವೆಂಬರ್‌ನಲ್ಲೇ ನಿಮ್ಮ ತಾಲೂಕಿನ ಪಶು ಆಸ್ಪತ್ರೆಗೆ ಒಂದು ಪತ್ರ ಬರೆಯಿರಿ; ಹಿಂಡುಗಳು ಆ ಹೊತ್ತಿಗೆ ಹೊರಟಿರುತ್ತವೆ.

ಇಂತಿ ನಿಮ್ಮವ,
ಹಾನಗಲ್ಲ ಸೀಮೆಯ ಒಬ್ಬ ರೈತ